ಮೂಲೆಯ ಕಚ್ಚು

ಚುಕ್ಕಿಯಮ್ಮ ಎಂಬ ಹೆಸರನ್ನು ಅವಳಿಗೆ ಇಟ್ಟವಳು ಅವಳ ಅತ್ತೆ, ಅದೂ ಹಂಗಿಸುವುದಕ್ಕೆ. ಸೊಸೆ ಬೆಳಗ್ಗೆ ಊಟದ ಡಬ್ಬಿ ಕಟ್ಟಿಕೊಂಡು ಮೆಟ್ಟಿಲಿಳಿದರೆ ಸಾಕು, ಅತ್ತೆ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಶುರು ಮಾಡುವಳು. "ಜನ ಗೋಡೆ ಕಟ್ತಾರೆ, ಬಟ್ಟೆ ಹೊಲೀತಾರೆ. ನಮ್ಮನೆಯವಳು ಚುಕ್ಕಿ ಎಣಿಸೋಕೆ ಹೋಗ್ತಾಳೆ. ಅದಕ್ಕೂ ಸಂಬಳ ಕೊಡೋ ಪುಣ್ಯಾತ್ಮರಿದ್ದಾರೆ ನೋಡಿ." ಬೀದಿಯ ಬಾಯಿಂದ ಹೆಸರು ಹೇಗೋ ಆಫೀಸಿನವರೆಗೂ ನಡೆದುಹೋಯಿತು. ಕೊನೆಗೆ ಹಾಜರಿ ಪುಸ್ತಕದಲ್ಲಿದ್ದ ಹೆಸರು ಅವಳಿಗೇ ಪರಕೀಯವಾಯಿತು.

ಅತ್ತೆ ಹೇಳಿದ್ದೇನೂ ಸುಳ್ಳಲ್ಲ. ದೊಡ್ಡ ಕಟ್ಟಡದ ಹಿಂಬದಿ, ಎಂಟು ಮೆಟ್ಟಿಲು ಕೆಳಗೆ, ಬೇಸಿಗೆಯಲ್ಲೂ ತಣ್ಣಗಿರುವ ಕೋಣೆಯಲ್ಲಿ ಒಂದು ಎಕ್ಸ್-ರೇ ಯಂತ್ರ. ಅದರೆದುರು, ಗಾಜಿನ ಎಳೆಯೊಂದರ ತುದಿಗೆ ಅಂಟಿಸಿದ ಹರಳು, ಸಕ್ಕರೆ ಕಾಳಿನ ಕಾಲುಭಾಗದಷ್ಟು. ಕಿರಣ ಹರಳಿಗೆ ಬಡಿದು ಚದುರಿ, ಸುತ್ತಲೂ ಕೊಳವೆಯ ಹಾಗೆ ಬಾಗಿಸಿಟ್ಟ ಫಿಲ್ಮಿನ ಮೇಲೆ ಬೀಳುತ್ತದೆ. ಮೂರು ದಿನ ಹೀಗೆ ಬಿದ್ದ ಮೇಲೆ ಫಿಲ್ಮನ್ನು ತೊಳೆದರೆ ಸಾಲುಸಾಲಾಗಿ ಕಪ್ಪು ಚುಕ್ಕಿಗಳು ಏಳುತ್ತವೆ. ಒಂದು ಗಾಢ, ಒಂದು ಮಸುಕು, ಇನ್ನೊಂದು ಇದೆಯೋ ಇಲ್ಲವೋ ಎನ್ನುವಂತೆ. ಯಾವ ಚುಕ್ಕಿ ಎಷ್ಟು ಕಪ್ಪು ಎಂದು ತಿಳಿದರೆ ಹರಳಿನೊಳಗೆ ಯಾವ ಪರಮಾಣು ಎಲ್ಲಿ ಕೂತಿದೆ ಎಂದು ಲೆಕ್ಕ ಹಾಕಬಹುದು. ಲೆಕ್ಕ ಓದಿದವರದು. ಕಪ್ಪನ್ನು ಅಳೆಯುವುದು ಚುಕ್ಕಿಯಮ್ಮನದು. ಒಂದರಿಂದ ಮೂವತ್ತರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕಪ್ಪೇರುವ ಚುಕ್ಕಿಗಳ ಪಟ್ಟಿಯೊಂದನ್ನು ದೀಪದ ಪೆಟ್ಟಿಗೆಯ ಮೇಲೆ ಫಿಲ್ಮಿಗೆ ತಾಗಿಸಿ ಸರಿಸುತ್ತಾ, "ಹನ್ನೊಂದು. ಏಳು. ಇಪ್ಪತ್ತಮೂರು" ಎಂದು ಹೇಳುತ್ತಾ ಹೋಗುವಳು.

ಅವಳು ಓದಿದ್ದು ನಾಲ್ಕನೆಯ ಕ್ಲಾಸು. ಬಂದದ್ದು ನೆಲ ಒರೆಸುವುದಕ್ಕೆ. ಒಂದು ದಿನ ಇಬ್ಬರು ಓದಿದವರು ಒಂದು ಚುಕ್ಕಿ ಹದಿನಾಲ್ಕೋ ಹದಿನೈದೋ ಎಂದು ಚಹಾ ಆರುವವರೆಗೆ ಜಗಳವಾಡುತ್ತಿದ್ದರು. ಬಟ್ಟೆ ಹಿಂಡುತ್ತಾ ನಿಂತಿದ್ದ ಇವಳು, "ಅದು ಹದಿನಾಲ್ಕೇ. ಅದರ ಪಕ್ಕದ್ದು ಹದಿನೈದು, ಅದನ್ನ ಯಾಕೆ ನೀವು ಹನ್ನೆರಡು ಅಂತ ಬರೆದಿದ್ದೀರಿ" ಎಂದಳು. ಯಂತ್ರದಿಂದ ಅಳೆಸಿ ನೋಡಿದರು. ಮಾರನೆಯ ವಾರ ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡು ಪಟ್ಟಿ ಕೊಟ್ಟರು. ಆದರೆ ಕಾಯಂ ಮಾಡಲಿಲ್ಲ. ಆರು ವರ್ಷದಿಂದ ದಿನಗೂಲಿಯೇ. ಈ ಸಲ ಮಾತ್ರ ಅವಳ ಕಾಯಮಾತಿಯ ಫೈಲು ದೊಡ್ಡ ಸಾಹೇಬರ ಮೇಜಿನವರೆಗೆ ಬಂದು ಕೂತಿತ್ತು.

ಕತ್ತಲೆ ಕೋಣೆಯ ಕೆಲಸವೂ ಅವಳದೇ ಆಯಿತು, ಏಕೆಂದರೆ ಅದಕ್ಕೊಂದು ನಿಯಮ ತಂದವಳೇ ಅವಳು. ಅದರ ಬೇರು ಅವಳ ಅಪ್ಪನ ಅಂಗಡಿಯಲ್ಲಿತ್ತು. ಅಪ್ಪ ಚಪ್ಪಲಿ, ಬೂಟು ಹೊಲಿಯುವವನು. ಎರಡೂ ಕಾಲಿನ ಅಟ್ಟೆಗೆ ಅವನದು ಒಂದೇ ರಟ್ಟಿನ ಅಚ್ಚು. ಹೀಗಿಟ್ಟು ಕತ್ತರಿಸಿದರೆ ಎಡ, ಮಗುಚಿಟ್ಟು ಕತ್ತರಿಸಿದರೆ ಬಲ. ಒಂಬತ್ತು ವರ್ಷದವಳಿದ್ದಾಗ ಇವಳು ಅಚ್ಚನ್ನು ಮಗುಚಲು ಮರೆತು, ಒಬ್ಬ ಪೋಸ್ಟ್‌ಮಾಸ್ತರರಿಗೆ ಎರಡೂ ಎಡಗಾಲಿನ ಅಟ್ಟೆ ಕತ್ತರಿಸಿಬಿಟ್ಟಿದ್ದಳು. ಅಪ್ಪ ಹೊಡೆಯಲಿಲ್ಲ. "ಮಾಸ್ತರರಿಗೆ ಇನ್ನೊಂದು ಎಡಗಾಲು ಹುಡುಕ್ಕೊಂಡು ಬಾ, ಹೋಗು" ಎಂದ. ಆಮೇಲೆ ಅಚ್ಚಿನ ಹಿಮ್ಮಡಿಯ ಒಳಬದಿಯಲ್ಲಿ ಒಂದು ಸಣ್ಣ ಕಚ್ಚು ಹಾಕಿ, ಅವಳ ಹೆಬ್ಬೆರಳನ್ನು ಅದರ ಮೇಲಿಟ್ಟು, "ಕಣ್ಣು ಮೋಸ ಹೋಗತ್ತೆ, ಬೆರಳು ಹೋಗಲ್ಲ. ಕಚ್ಚು ಮೊದಲು, ಕತ್ತರಿ ಆಮೇಲೆ" ಎಂದ.

ಎಕ್ಸ್-ರೇ ಫಿಲ್ಮಿಗೂ ಅದೇ ರೋಗ. ಎರಡೂ ಮುಖಕ್ಕೆ ಒಂದೇ ಥರದ ಲೇಪ. ತೊಳೆದು ಒಣಗಿದ ಮೇಲೆ ಹಿಂದು ಯಾವುದು ಮುಂದು ಯಾವುದು ಎಂದು ಹಡೆದ ತಾಯಿಗೂ ತಿಳಿಯುವುದಿಲ್ಲ. ಆದ್ದರಿಂದ ಕೆಂಪು ದೀಪದ ಮಬ್ಬಿನಲ್ಲಿ ಫಿಲ್ಮನ್ನು ಹರಳಿನ ಸುತ್ತ ಕೂರುವ ಕ್ಯಾಮೆರಾಕ್ಕೆ ಹಾಕುವ ಮೊದಲೇ ಮೇಲಿನ ಬಲಮೂಲೆಯನ್ನು ಕತ್ತರಿಯಿಂದ ಕಚ್ಚುವುದು ಚುಕ್ಕಿಯಮ್ಮನ ಪದ್ಧತಿ. ದೊಡ್ಡ ಸಾಹೇಬರು ಅದನ್ನು ಒಪ್ಪಿ ರಿಜಿಸ್ಟರಿನಲ್ಲಿ ಒಂದು ಖಾನೆಯನ್ನೇ ಎಳೆಸಿದ್ದರು: ಕಚ್ಚು ಹಾಕಿದವರ ಸಹಿ.

ಸುಮಾರು ಹರಳುಗಳಿಗೆ ಫಿಲ್ಮು ಮಗುಚಿದರೂ ಏನೂ ಮುಳುಗುತ್ತಿರಲಿಲ್ಲ. ಈ ಹರಳು ಹಾಗಲ್ಲ. ಅದು ಉಬ್ಬಸಕ್ಕೆ ತಯಾರಾಗುತ್ತಿದ್ದ ಹೊಸ ಔಷಧ. ಅದನ್ನು ಹಿಡಿದು ಎರಡು ವರ್ಷದಿಂದ ಒದ್ದಾಡುತ್ತಿದ್ದವಳು ಕೆಳಗಿನ ಕೋಣೆಯ ಮೇಡಂ, ಮೂವತ್ತು ದಾಟದ ಹುಡುಗಿ, ಉಗುರು ಕಚ್ಚಿ ಕಚ್ಚಿ ಬೆರಳಿನ ತುದಿಯೆಲ್ಲ ಕೆಂಪು. ಅವಳು ಚುಕ್ಕಿಯಮ್ಮನಿಗೆ ಚಹಾದ ಹೊತ್ತಿನಲ್ಲಿ ವಿಷಯವನ್ನು ಬಿಡಿಸಿ ಹೇಳಿದ್ದಳು.

"ಈ ಔಷಧದ ಅಣುವಿಗೆ ಎರಡು ರೂಪ ಇದೆ ಚುಕ್ಕಿಯಮ್ಮ. ಎಡಗೈ ಬಲಗೈ ಇದ್ದ ಹಾಗೆ. ಎಲ್ಲಾ ಒಂದೇ, ಆದ್ರೆ ಒಂದರ ಕನ್ನಡಿ ಬಿಂಬ ಇನ್ನೊಂದು."

"ಎಡಗಾಲು ಬಲಗಾಲಿನ ಬೂಟಿನ ಹಾಗೆ ಅನ್ನಿ."

"ಹಾಗೇ. ಒಂದು ರೂಪ ಉಬ್ಬಸ ಇಳಿಸತ್ತೆ. ಇನ್ನೊಂದು ಎದೆಬಡಿತ ಹುಚ್ಚುಹುಚ್ಚಾಗಿ ಏರಿಸತ್ತೆ. ಎರಡನ್ನೂ ಬೇರೆ ಬೇರೆ ಬಾಟ್ಲಿಗೆ ಹಾಕಿ ಇಟ್ಟಿದ್ದಾರೆ. ಇಲಿಗಳಿಗೆ ಕೊಟ್ಟು ಯಾವ ಬಾಟ್ಲಿ ಒಳ್ಳೇದು ಅಂತಾನೂ ನೋಡಿದ್ದಾರೆ. ಆದ್ರೆ ಆ ಬಾಟ್ಲಿಲಿರೋದು ಎಡಗೈದೋ ಬಲಗೈದೋ ಗೊತ್ತಿಲ್ಲ. ಅದು ಗೊತ್ತಾಗದೆ ಕಾರ್ಖಾನೇಲಿ ಹೊಸದಾಗಿ ಮಾಡೋಕಾಗಲ್ಲ."

"ಚುಕ್ಕಿ ನೋಡಿದ್ರೆ ಗೊತ್ತಾಗಲ್ವಾ?"

"ಅದೇ ತೊಂದರೆ. ಪ್ರತಿ ಚುಕ್ಕಿಗೂ ಎದುರುಬದಿಯಲ್ಲಿ ಒಂದು ಜೋಡಿ ಚುಕ್ಕಿ ಇರತ್ತೆ. ಮಾಮೂಲಿಯಾಗಿ ಎರಡೂ ಒಂದೇ ಕಪ್ಪು. ಎಡಗೈದಾದ್ರೂ ಅಷ್ಟೇ, ಬಲಗೈದಾದ್ರೂ ಅಷ್ಟೇ." ಮೇಡಂ ಲೋಟ ಕೆಳಗಿಟ್ಟಳು. "ಗೋಡೆ ಆಚೆ ಯಾರೋ ನಡೀತಿದ್ದಾನೆ ಅಂದ್ಕೊಳ್ಳಿ. ಸಮವಾಗಿ ಹೆಜ್ಜೆ ಹಾಕಿದ್ರೆ ಯಾವ ಸದ್ದು ಎಡಗಾಲಿಂದು, ಯಾವುದು ಬಲಗಾಲಿಂದು, ಹೇಳೋಕಾಗತ್ತಾ?"

"ಇಲ್ಲ."

"ಅವನ ಎಡಗಾಲು ಸ್ವಲ್ಪ ಕುಂಟು ಅಂತ ಮೊದಲೇ ಗೊತ್ತಿದ್ರೆ?"

ಚಪ್ಪಲಿಯವನ ಮಗಳಿಗೆ ಇಷ್ಟು ಸಾಕಾಯಿತು. "ತಡವಾಗಿ ಬೀಳೋ ಹೆಜ್ಜೆ ಎಡ" ಎಂದಳು.

ಮೇಡಂ ಔಷಧದ ಅಣುವಿಗೆ ಒಂದು ಬ್ರೋಮಿನ್ ಪರಮಾಣು ಕಟ್ಟಿದ್ದಳು. ಅದೇ ಆ ಕುಂಟುಗಾಲು. ತಕ್ಕ ಎಕ್ಸ್-ರೇ ಆರಿಸಿ ಬಿಟ್ಟರೆ ಉಳಿದ ಪರಮಾಣುಗಳೆಲ್ಲ ತಟ್ಟನೆ ಚದುರಿಸುತ್ತವೆ, ಬ್ರೋಮಿನ್ ಮಾತ್ರ ಕಿರಣವನ್ನು ಒಂದಿಷ್ಟು ನುಂಗಿ ಒಂದು ಗಳಿಗೆ ತಡವರಿಸುತ್ತದೆ. ಆ ತಡವರಿಕೆಯಿಂದ ಜೋಡಿ ಚುಕ್ಕಿಗಳ ಸಮ ತಪ್ಪುತ್ತದೆ, ಒಂದು ಹದಿನಾಲ್ಕಾದರೆ ಅದರ ಜೋಡಿ ಹದಿನಾರು. ಯಾವ ಜೋಡಿಯಲ್ಲಿ ಯಾವುದು ಹೆಚ್ಚು ಕಪ್ಪು ಎಂದು ನೋಡಿದರೆ ಅಣು ಎಡವೋ ಬಲವೋ ತಿಳಿಯುತ್ತದೆ. ಆದರೆ ಫಿಲ್ಮು ಮಗುಚಿದ್ದರೆ ಚುಕ್ಕಿಯೂ ಅದರ ಜೋಡಿಯೂ ಜಾಗ ಬದಲಾಯಿಸಿಕೊಳ್ಳುತ್ತವೆ. ಎಡ ಬಲವಾಗುತ್ತದೆ. ಪೋಸ್ಟ್‌ಮಾಸ್ತರರ ಅಟ್ಟೆಯ ಕಥೆಯೇ.

ಹೀಗೆ ಕೆಲವು ಫಿಲ್ಮು ತೆಗೆದರು. ಬಹಳಷ್ಟು ಮಸುಕಾದವು. ಹದಿನೇಳನೆಯದೊಂದೇ ಚೆನ್ನಾಗಿ ಬಂತು, ಹನ್ನೊಂದು ಜೋಡಿ ಸ್ಪಷ್ಟ. ಅದು ಮುಗಿಯುವಷ್ಟರಲ್ಲಿ ಹರಳು ಕಿರಣದ ಹೊಡೆತಕ್ಕೆ ಕಂದುಬಣ್ಣಕ್ಕೆ ತಿರುಗಿ ಬಿರುಕುಬಿಟ್ಟಿತು. ಚುಕ್ಕಿಯಮ್ಮ ಅಳೆದಳು, ಮೇಡಂ ಹದಿನೈದು ದಿನ ಲೆಕ್ಕ ಹಾಕಿದಳು. ಉತ್ತರ: ಎಡಗೈ.

ಆ ಗುರುವಾರ ಮಧ್ಯಾಹ್ನ ಮೇಡಂ ಇಷ್ಟಗಲ ಮುಖ ಮಾಡಿಕೊಂಡು ರಿಜಿಸ್ಟರ್ ಹಿಡಿದು ಬಂದಳು. "ನಾಳೆ ನಾಲ್ಕು ಗಂಟೆ ಟಪಾಲಿಗೆ ಕಾರ್ಖಾನೆಗೆ ಕಾಗದ ಹೋಗ್ತಿದೆ. ಸಾಹೇಬರು ಎಲ್ಲಾ ಖಾನೆ ತುಂಬಿಸಿ ಅಂದ್ರು. ಹದಿನೇಳರ ಮುಂದೆ ನಿಮ್ಮ ಸಹಿ ಬಿಟ್ಟುಹೋಗಿದೆ, ಒಂದು ಹಾಕಿಬಿಡಿ."

ಚುಕ್ಕಿಯಮ್ಮ ಪೆನ್ನು ತೆಗೆದುಕೊಂಡಳು. ಪೆನ್ನಿನ ಮೊನೆ ಕಾಗದ ಮುಟ್ಟಲಿಲ್ಲ.

ಹದಿನಾರರ ಮುಂದೆ ಅವಳ ಸಹಿ ಇತ್ತು. ಹದಿನೈದರ ಮುಂದೆ ಇತ್ತು. ಕಚ್ಚು ಹಾಕಿದ ಕೂಡಲೇ, ಕೈ ಒರೆಸಿಕೊಳ್ಳುವ ಮೊದಲೇ ಸಹಿ ಹಾಕುವವಳು ಅವಳು. ಹದಿನೇಳರ ಮುಂದೆ ಏಕಿಲ್ಲ?

"ನಾಳೆ ಬೆಳಗ್ಗೆ ಹಾಕ್ತೀನಿ ಮೇಡಂ. ಕೈಗೆ ಫಿಲ್ಮು ತೊಳೆಯೋ ಹೈಪೋ ಹತ್ತಿದೆ" ಎಂದಳು. ಕೈಗೆ ಏನೂ ಹತ್ತಿರಲಿಲ್ಲ.

ಚುಕ್ಕಿಯಮ್ಮನ ನೆನಪು ಎಂದರೆ ಆಫೀಸಿನಲ್ಲಿ ಗಾದೆಯಾಗಿತ್ತು. ಮೇಲಿನ ಟೈಪಿಸ್ಟು ಕಾಗದ ಕಳೆದುಕೊಂಡರೆ ಬೀರು ಹುಡುಕುತ್ತಿರಲಿಲ್ಲ, ಇವಳನ್ನು ಕೇಳುತ್ತಿದ್ದಳು. ಮನೆಗೆ ನಡೆಯುತ್ತಾ ಅವಳು ಹದಿನೇಳನೆಯ ಫಿಲ್ಮು ಹಾಕಿದ ಸೋಮವಾರವನ್ನು ಎಳೆ ಎಳೆಯಾಗಿ ಬಿಚ್ಚಿದಳು. ಕೆಂಪು ದೀಪ ಹಾಕಿದ್ದು ನೆನಪಿದೆ. ಫಿಲ್ಮಿನ ಪೊಟ್ಟಣದ ಕಪ್ಪು ಕಾಗದ ಒಂದು ಕಡೆ ಹರಿದಿದ್ದು ನೆನಪಿದೆ. ನಲ್ಲಿ ತೊಟ್ಟಿಕ್ಕುತ್ತಿತ್ತು, ಕೆಳಗೆ ನೀಲಿ ಬಕೆಟ್ಟು. ಜವಾನ ಬಾಗಿಲು ತಟ್ಟಿ, "ಚುಕ್ಕಿಯಮ್ಮಾ, ಆಸ್ಪತ್ರೆಯಿಂದ ಫೋನು, ನಿಮ್ಮ ಯಜಮಾನ್ರಿಗೆ ಉಸಿರು ಸಿಕ್ಕಿಹಾಕ್ಕೊಂಡಿದೆಯಂತೆ" ಎಂದದ್ದು ನೆನಪಿದೆ. ಅವನ ದನಿ ಸೀಳಿದ್ದು ಕೂಡ. ಕ್ಯಾಮೆರಾದ ಮುಚ್ಚಳ ತಿರುಗಿಸಿದ್ದು ನೆನಪಿದೆ. ಆದರೆ ಕತ್ತರಿ? ಕತ್ತರಿ ಕಚ್ಚಿದ ಸದ್ದು? ಆ ಒಂದು ಗಳಿಗೆಯ ಜಾಗದಲ್ಲಿ ಹಲ್ಲು ಬಿದ್ದ ಸಂದಿನ ಹಾಗೆ ಖಾಲಿ. ಮನಸ್ಸು ನಾಲಗೆಯ ಹಾಗೆ ಅಲ್ಲಿಗೇ ಹೋಗಿ ಹೋಗಿ ಮುಟ್ಟುತ್ತಿತ್ತು.

ಅದೇ ವಾರದ ಗುರುವಾರ ಫಿಲ್ಮು ತೆಗೆದು ತೊಳೆದು ತಂತಿಗೆ ತೂಗುಹಾಕಿದ್ದು ನೆನಪಿದೆ. ಆಮೇಲೆ ಕತ್ತರಿ ಕೈಯಲ್ಲಿ ಹಿಡಿದಿದ್ದ ಹಾಗೂ ನೆನಪು. ಆದರೆ ಅದು ಆ ಗುರುವಾರವೋ, ಬೇರೆ ಗುರುವಾರವೋ? ಮೂಲೆಯಲ್ಲಿ ಕಚ್ಚು ಇಲ್ಲದ್ದನ್ನು ಕಂಡು ಬೆಳಕಿನಲ್ಲಿ ನಿಂತು, ಕೈ ರೂಢಿಯಂತೆ ಮೇಲಿನ ಬಲಮೂಲೆ ಕಚ್ಚಿಬಿಟ್ಟಿದ್ದರೆ? ತಂತಿಗೆ ಯಾವ ಮುಖ ಮುಂದೆ ಬಂದಿತ್ತೋ ದೇವರೇ ಬಲ್ಲ.

ರಸ್ತೆ ದಾಟುವಾಗ ಸೈಕಲ್ಲಿನವನೊಬ್ಬ ಬೈದುಕೊಂಡು ಹೋದ. ಅವಳಿಗೆ ಕೇಳಿಸಲಿಲ್ಲ.

ಮನೆಯಲ್ಲಿ ಗಂಡ ಕಿಟಕಿಯ ಬಳಿ ಎರಡು ದಿಂಬು ಒರಗಿಸಿಕೊಂಡು ಕೂತಿದ್ದ. ಇಪ್ಪತ್ತು ವರ್ಷ ಮನೆಗಳಿಗೆ ಬಣ್ಣ ಬಳಿದ ಮನುಷ್ಯ. ಬಣ್ಣ ಊರಿನ ಗೋಡೆಗಳಿಗೆ ಹೋಯಿತು, ಅದರ ಘಾಟು ಅವನ ಎದೆಗೆ ಬಂತು. ಮಾತಾಡಿದರೆ ನಡುವೆ ಒಂದು ಸಣ್ಣ ಸೀಟಿ ಊದುತ್ತಿತ್ತು.

"ಏನೇ, ಮುಖ ಸುಣ್ಣ ಬಳಿದ ಹಾಗಿದೆ. ನಾನು ಬಳಿದಿದ್ದಲ್ಲವಲ್ಲ."

ಅವಳು ಕೂತು ಎಲ್ಲವನ್ನೂ ಹೇಳಿದಳು. ಅವನು ಸೀಟಿ ಊದುತ್ತಾ ಕೇಳಿದ.

"ಬಲದ ಬದಲು ಎಡ ಅಂತ ಬರೆದ್ರೆ ಏನಾಗತ್ತೆ?"

"ಕಾರ್ಖಾನೆಯವರು ತಪ್ಪು ರೂಪಾನೇ ಮಾಡ್ತಾರೆ. ನಿಮ್ಮಂಥೋರು ಅದನ್ನ ನುಂಗ್ತಾರೆ. ಉಬ್ಬಸ ಇಳಿಯಲ್ಲ, ಎದೆ ಹೊಡ್ಕೊಳತ್ತೆ."

"ನುಂಗೋಕೆ ಮುಂಚೆ ಯಾರೂ ಪರೀಕ್ಷೆ ಮಾಡಲ್ವಾ?"

"ಮಾಡಬಹುದು. ಗೊತ್ತಿಲ್ಲ. ಬೇರೆಯವರು ನೋಡ್ಕೋತಾರೆ ಅಂತ ನಾನು ಸಹಿ ಹಾಕಲಾ?"

ಒಳಗಿನಿಂದ ಅತ್ತೆಯ ದನಿ ಬಂತು. ಅವಳಿಗೆ ಕಿವಿ ಮಂದ ಎಂದು ಊರಿಗೆಲ್ಲ ಹೇಳಿಕೊಂಡಿದ್ದರೂ ಬೇಕಾದ ಮಾತು ಮಾತ್ರ ಎಂದೂ ತಪ್ಪಿದ್ದಿಲ್ಲ. "ಆವತ್ತು ಕತ್ತರಿ ಇತ್ತಲ್ಲೇ ನಿನ್ನ ಕೈಲಿ."

"ಏನಂದ್ರಿ ಅತ್ತೆ?"

ಅತ್ತೆ ಬಾಗಿಲಿಗೆ ಬಂದಳು. "ಆಸ್ಪತ್ರೆಗೆ ಓಡಿ ಬಂದೆಯಲ್ಲ, ಕತ್ತರಿ ಹಿಡ್ಕೊಂಡೇ ಬಂದಿದ್ದೆ. ನನ್ನ ಮಡಿಲಲ್ಲಿ ಬಿಸಾಕಿ ಒಳಗೆ ಓಡಿದೆ. ಇವಳೇನು ಗಂಡನ ಮೂಗಿನ ನಳಿಗೆ ಕತ್ತರಿಸೋಕೆ ಬಂದಳಾ ಅಂದ್ಕೊಂಡೆ. ಮಾರನೇ ದಿನ ನಾನೇ ನಿನ್ನ ಚೀಲಕ್ಕೆ ಹಾಕಿದ್ದು."

ಚುಕ್ಕಿಯಮ್ಮನಿಗೆ ಹೋದ ಜೀವ ಬಂದಂತಾಯಿತು. ಕತ್ತರಿ ಕೈಯಲ್ಲಿತ್ತು ಎಂದರೆ ಕಚ್ಚಿದ್ದಳು ಎಂದೇ ಅರ್ಥ. ಕಚ್ಚಿದ ಮೇಲೆ ತಾನೇ ಜವಾನ ಬಾಗಿಲು ತಟ್ಟಿದ್ದು, ಸಹಿ ಹಾಕಲು ಹೊತ್ತಿರಲಿಲ್ಲ, ಅಷ್ಟೇ. ಊಟಕ್ಕೆ ಕೂತಳು. ಎರಡು ತುತ್ತು ಇಳಿಯಿತು. ಮೂರನೆಯದನ್ನು ತಟ್ಟೆಗೇ ಮರಳಿ ಇಟ್ಟಳು. ಕಚ್ಚಲು ಕತ್ತರಿ ಎತ್ತಿಕೊಂಡಾಗಲೇ ಬಾಗಿಲು ತಟ್ಟಿದ್ದರೂ ಕತ್ತರಿ ಕೈಯಲ್ಲೇ ಇರುತ್ತಿತ್ತಲ್ಲ.

ಗಂಡ ಅವಳ ತಟ್ಟೆ ನೋಡಿದ. "ಸಹಿ ಹಾಕ್ಬಿಡೇ. ಆರು ವರ್ಷದ ಮೇಲೆ ಫೈಲು ಮೇಜಿಗೆ ಬಂದಿದೆ. ಆವತ್ತು ನಾನು ಉಸಿರಾಡೋದು ಮರೆತೆ, ನೀನು ಕಚ್ಚೋದು ಮರೆತೆ. ತಪ್ಪು ನಂದು ಅನ್ಕೋ."

"ನಿಮ್ಮ ತಪ್ಪನ್ನ ಯಾವ ಖಾನೆಗೆ ಬರೀಲಿ?" ಎಂದಳು ಅವಳು. ಅವನು ನಗಲು ಹೋಗಿ ಕೆಮ್ಮಿದ.

ಶುಕ್ರವಾರ ಬೆಳಗ್ಗೆ ಜವಾನ ಬೀಗ ತೆಗೆಯುವ ಮೊದಲೇ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಹೋದವಳೇ ಬೀರುವಿನಿಂದ ಹಳೆಯ ಫಿಲ್ಮುಗಳನ್ನೆಲ್ಲ ತೆಗೆದು ದೀಪದ ಪೆಟ್ಟಿಗೆಯ ಮೇಲೆ ಹರವಿದಳು. ಏನು ಹುಡುಕುತ್ತಿದ್ದಾಳೆಂದು ಅವಳಿಗೇ ತಿಳಿದಿರಲಿಲ್ಲ. ಮೂಲೆಗಳನ್ನು ನೋಡುತ್ತಾ ಹೋದಳು. ಒಂಬತ್ತು, ಹತ್ತು, ಹನ್ನೊಂದು. ಹನ್ನೊಂದಕ್ಕೆ ಬಂದಾಗ ಕಣ್ಣು ನಿಂತಿತು. ಕಚ್ಚಿದ ಅಂಚಿನ ಉದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ. ಹತ್ತರಲ್ಲೂ ಇತ್ತು. ಒಂಬತ್ತರಲ್ಲೂ. ಆರು ವರ್ಷದಿಂದ ಕಣ್ಣೆದುರೇ ಇದ್ದದ್ದು, ಚುಕ್ಕಿಗಳ ಗದ್ದಲದಲ್ಲಿ ಅಂಚನ್ನು ನೋಡಿದವರು ಯಾರು?

ಅದೇನೆಂದು ಅವಳಿಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತೊಳೆಯದ ಫಿಲ್ಮು ಸಂಕೋಚದ ಜೀವಿ. ಉಗುರು ತಾಗಿದರೂ, ಮಡಿಕೆ ಬಿದ್ದರೂ ತೊಳೆದಾಗ ಅಲ್ಲಿ ಕಪ್ಪು ಕಲೆ ಏಳುತ್ತದೆ. ಹೊಸಬರು ಹಾಗೆ ಎಷ್ಟೋ ಫಿಲ್ಮು ಕೆಡಿಸಿದ್ದನ್ನು ಕಂಡಿದ್ದಳು. ಕತ್ತರಿ ಒತ್ತಿದ ಅಂಚಿಗೂ ಅದೇ ಆಗಬೇಕು. ತೊಳೆದ ಮೇಲೆ ಕತ್ತರಿಸಿದರೆ ಗೆರೆ ಬರುವುದಿಲ್ಲ. ಪರೀಕ್ಷೆಗೆಂದು ಹಿಂದೆಯೇ ತೊಳೆದಿಟ್ಟ ಒಂದು ಹಾಳು ಫಿಲ್ಮಿನ ಮೂಲೆ ಕಚ್ಚಿ ನೋಡಿದಳು. ಅಂಚು ನೀರಿನ ಹಾಗೆ ತಿಳಿ.

ಹನ್ನೆರಡು, ಹದಿಮೂರು, ಹದಿನಾಲ್ಕು, ಗೆರೆ. ಹದಿನೈದು, ಗೆರೆ. ಹದಿನಾರು, ಗೆರೆ. ಹದಿನೇಳನ್ನು ಕೈಗೆತ್ತಿಕೊಳ್ಳುವಾಗ ಅಂಗೈ ಬೆವರಿತ್ತು. ಸೆರಗಿಗೆ ಒರೆಸಿಕೊಂಡು ಅಂಚು ಹಿಡಿದು ಬೆಳಕಿಗೆ ತಂದಳು.

ತಿಳಿ. ಕಪ್ಪಿನ ನೆರಳೂ ಇಲ್ಲ.

ಮಗುಚಿ ನೋಡಿದಳು. ಭೂತಗನ್ನಡಿ ಇಟ್ಟು ನೋಡಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಫಿಲ್ಮನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು. ಗೋಡೆಯ ಗಡಿಯಾರದಲ್ಲಿ ಒಂಬತ್ತೂಕಾಲು. ಈ ಗೆರೆಯ ಸಂಗತಿ ಲೋಕದಲ್ಲಿ ಇನ್ನಾರಿಗೂ ಗೊತ್ತಿಲ್ಲ. ಅವಳು ಬಾಯಿ ಬಿಡದಿದ್ದರೆ ಗೊತ್ತಾಗುವುದೂ ಇಲ್ಲ. ತಂತಿಯ ಮೇಲೆ ಸರಿಯಾದ ಮುಖವೇ ಮುಂದೆ ಬಂದಿದ್ದರೆ ಉತ್ತರವೂ ಸರಿ. ಅರ್ಧಕ್ಕರ್ಧ. ಅರ್ಧಕ್ಕರ್ಧದ ಮೇಲೆ ಜನ ಮದುವೆಯನ್ನೇ ಆಗುತ್ತಾರೆ ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಇನ್ನೊಂದು ಮೂಲೆಯಲ್ಲಿ ಗಂಡನ ಎದೆಯ ಸೀಟಿ ಊದುತ್ತಿತ್ತು.

ಮೇಡಂ ಒಳಗೆ ಬಂದು, ಹರವಿದ ಫಿಲ್ಮುಗಳನ್ನು ಕಂಡು ನಿಂತಳು. "ಏನಿದು, ಅಂಗಡಿ ತೆಗೆದಿದ್ದೀರಿ?"

"ಮೇಡಂ, ಹದಿನೇಳರ ಕಚ್ಚು ನಾನು ತೊಳೆದ ಮೇಲೆ ಹಾಕಿದ್ದು."

ಮೇಡಂ ನಿಂತಲ್ಲೇ ಫಿಲ್ಮುಗಳತ್ತ ಬಾಗಿದಳು. ಚೀಲ ಭುಜದಿಂದ ಜಾರಿ ಮೊಣಕೈಗೆ ಬಂತು. "ನಿಮಗೆ ನೆನಪಿದೆಯಾ, ಅಥವಾ ಅನುಮಾನವಾ?"

"ನೆನಪಿಲ್ಲ. ಅದಕ್ಕೇ ಇದನ್ನ ನೋಡಿ." ಅವಳು ಗೆರೆ ತೋರಿಸಿದಳು. ಹದಿನಾರು, ಹದಿನೇಳು. ಹದಿನಾರು, ಹದಿನೇಳು.

ಮೇಡಂ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು. ಎದ್ದಾಗ ಅವಳ ಹೆಬ್ಬೆರಳು ಹಲ್ಲಿನ ನಡುವೆ ಇತ್ತು. "ಹದಿನೈದು ದಿನ ಲೆಕ್ಕ ಹಾಕಿದೀನಿ ಚುಕ್ಕಿಯಮ್ಮ. ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ. ಮೊನ್ನೇನೇ ಹೇಳಬಾರದಿತ್ತಾ?"

"ಮೊನ್ನೆ ನನಗೂ ಗೊತ್ತಿರಲಿಲ್ಲ."

ಇಬ್ಬರೂ ಮೇಲಕ್ಕೆ ಹೋದರು. ಟೈಪಿಸ್ಟು ಕಾಗದದ ಕೊನೆಯ ಸಾಲು ಕುಟ್ಟುತ್ತಿದ್ದಳು. ಒಳಗೆ ದೊಡ್ಡ ಸಾಹೇಬರು, ಮೈ ಸಣ್ಣ, ದನಿ ಇನ್ನೂ ಸಣ್ಣ. ಅವರು ಕೂಗುತ್ತಿರಲಿಲ್ಲ, ಅದಕ್ಕೇ ಜನ ಅವರಿಗೆ ಹೆದರುತ್ತಿದ್ದರು. ಮೇಜಿನ ಬಲಗಡೆ ಫೈಲುಗಳ ರಾಶಿ. ಮೇಲಿನಿಂದ ಎರಡನೆಯದರ ಬೆನ್ನ ಮೇಲೆ ಚುಕ್ಕಿಯಮ್ಮ ತನ್ನ ಹಾಜರಿ ಪುಸ್ತಕದ ಹೆಸರನ್ನು ಓದಿಕೊಂಡಳು.

ಸಾಹೇಬರು ಎರಡೂ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರು.

"ಕಚ್ಚೋ ನಿಯಮ ಮಾಡಿದ್ದು ಯಾರು?"

"ನಾನೇ ಸರ್."

"ಮುರಿದಿದ್ದು?"

"ನಾನೇ."

"ಯಾಕೆ ಮುರಿದ್ರಿ?"

ಗಂಡನ ವಿಷಯ ನಾಲಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಕಣ್ಣೀರು ಬರುತ್ತದೆ, ಕಣ್ಣೀರು ಬಂದರೆ ಕರುಣೆ ಕೇಳಿದ ಹಾಗಾಗುತ್ತದೆ. "ಮನಸ್ಸು ಬೇರೆ ಕಡೆ ಇತ್ತು ಸರ್."

ಮೇಡಂ ಬಾಯಿ ತೆರೆದಳು. ಸಾಹೇಬರು ಕೈಯೆತ್ತಿ ತಡೆದರು. ಟೈಪಿಸ್ಟನ್ನು ಕರೆದು ಕಾಗದ ನಿಲ್ಲಿಸಲು ಹೇಳಿದರು. ಆಮೇಲೆ ರಾಶಿಯಿಂದ ಎರಡನೆಯ ಫೈಲನ್ನು ಎಳೆದು, ತೆರೆಯದೆ, ಎಡಗಡೆಯ ರಾಶಿಯ ಅಡಿಗೆ ಇಟ್ಟರು. ಬಲದ್ದು ಎಡಕ್ಕೆ ಹೋಯಿತು. ಚುಕ್ಕಿಯಮ್ಮ ನೋಡುತ್ತಾ ನಿಂತಳು.

"ಬಾಟ್ಲಿಯಲ್ಲಿ ಇನ್ನೂ ಹರಳು ಇದೆಯಾ?" ಎಂದು ಅವರು ಮೇಡಂ ಕಡೆ ತಿರುಗಿದರು.

"ನಾಲ್ಕೈದು ಇದೆ ಸರ್. ಒಂದು ಸುಮಾರಾಗಿದೆ."

"ಮತ್ತೆ ತೆಗೀರಿ. ಕತ್ತಲೆ ಕೋಣೆಗೆ ಇವರೇ ಹೋಗಲಿ. ಈ ತಪ್ಪು ಇನ್ಮೇಲೆ ಮಾಡದೆ ಇರೋರು ಈ ಕಟ್ಟಡದಲ್ಲಿ ಇವರೊಬ್ಬರೇ."

ಮೆಟ್ಟಿಲಲ್ಲಿ ಟೈಪಿಸ್ಟು ಪಿಸುಗುಟ್ಟಿದಳು. "ಸುಮ್ನೆ ಇದ್ದಿದ್ರೆ ಇವತ್ತು ಸಿಹಿ ಹಂಚ್ತಿದ್ರಿ. ಹೆಗಲ ಮೇಲಿನ ಕುಂಬಳಕಾಯಿ ನೀವೇ ಇಳಿಸಿ ತೋರಿಸಿದ್ರಲ್ಲ."

ಹೊಸ ಹರಳನ್ನು ಗಾಜಿನ ಎಳೆಗೆ ಅಂಟಿಸಿದ್ದು ಮಧ್ಯಾಹ್ನ. ಚುಕ್ಕಿಯಮ್ಮ ಕತ್ತಲೆ ಕೋಣೆಯ ಒಳಚಿಲಕ ಹಾಕಿ, ಮೊದಲು ಮೂಲೆ ಕಚ್ಚಿದಳು. ಹೆಬ್ಬೆರಳಿನಿಂದ ಸವರಿದಳು. ಕ್ಯಾಮೆರಾಕ್ಕೆ ಹಾಕಿದಳು. ತೆಗೆದು ಮತ್ತೆ ಸವರಿದಳು. ಮತ್ತೆ ಹಾಕಿದಳು. ಸಹಿ ಹಾಕಲು ಹೊರಗೆ ಬಂದಾಗ ಬೆಳಕಿಗೆ ಕಣ್ಣು ಕುಕ್ಕಿತು.

ಆಮೇಲೆ ಮೂರು ದಿನ. ಮನೆಯಲ್ಲಿ ಅವಳು ಜೋಡಿ ಕಂಡಲ್ಲೆಲ್ಲ ಎಡ ಯಾವುದು ಬಲ ಯಾವುದು ಎಂದು ನೋಡಿದಳು. ಬಾಗಿಲಲ್ಲಿದ್ದ ಚಪ್ಪಲಿಗಳನ್ನು ಹೋಗಿ ಬಂದು ಸರಿಪಡಿಸಿದಳು. "ಹೋಗ್ಲಿ ಬಿಡೇ, ಚಪ್ಪಲಿಗೆ ಅದರ ಕಾಲು ಗೊತ್ತಿರತ್ತೆ" ಎಂದಳು ಅತ್ತೆ. ಎಂದಿನ ಕೊಂಕು ಆ ದನಿಯಲ್ಲಿರಲಿಲ್ಲ. ಬೆಳಗ್ಗೆ ಬಾಗಿಲಲ್ಲಿ ನಿಂತರೂ ಬೀದಿಗೆ ಏನೂ ಸಾರಲಿಲ್ಲ. ಅದರಿಂದ ಚುಕ್ಕಿಯಮ್ಮನಿಗೆ ಇನ್ನಷ್ಟು ದಿಗಿಲಾಯಿತು.

ಸೋಮವಾರ ಸಂಜೆ ಫಿಲ್ಮು ತೊಳೆದು ತೂಗುಹಾಕಿದಳು. ಅಂಚಿನಲ್ಲಿ ಕಪ್ಪು ಗೆರೆ ಎದ್ದಿತ್ತು.

ಮಂಗಳವಾರ ಬೆಳಗ್ಗೆ ಮೇಡಂ ಅವಳನ್ನು ಹೊರಗೆ ಕಳಿಸಿ, ನಾಲ್ಕೂ ಮೂಲೆಗೆ ಕಪ್ಪು ಕಾಗದ ಅಂಟಿಸಿ, ತನಗೆ ಬೇಕಾದ ಮುಖ ಮೇಲೆ ಮಾಡಿ ಫಿಲ್ಮನ್ನು ದೀಪದ ಪೆಟ್ಟಿಗೆಯ ಮೇಲಿಟ್ಟಳು. "ಯಾವ ಕಡೆಯಿಂದ ನೋಡ್ತಿದೀರಿ ಅಂತ ನಿಮಗೆ ಗೊತ್ತಾಗಬಾರದು. ಇಲ್ಲದಿದ್ರೆ ಕಣ್ಣಿಗೆ ಆಸೆ ಹುಟ್ಟತ್ತೆ."

"ನನ್ನ ಕಣ್ಣಿಗೆ ಈಗ ಆಸೆ ಎಲ್ಲಿದೆ ಮೇಡಂ, ಬರೀ ಭಯ."

"ಅದೂ ಬೇಡ. ಮೊದಲ್ನೇ ಜೋಡಿ."

ಅವಳು ಪಟ್ಟಿ ಸರಿಸಿದಳು. "ಮೇಲಿಂದು ಹದಿಮೂರು. ಕೆಳಗಿಂದು ಹದಿನೈದು." ಮೇಡಂ ಬರೆದುಕೊಂಡಳು. "ಇಪ್ಪತ್ತೊಂದು. ಹದಿನೆಂಟು." ಬರೆದಳು. ನಾಲ್ಕನೆಯ ಜೋಡಿಗೆ ಬಂದಾಗ ಕಣ್ಣು ಮಂಜಾಯಿತು. ಒಂಬತ್ತೋ ಹತ್ತೋ ತಿಳಿಯಲೊಲ್ಲದು. ಆರು ವರ್ಷದಲ್ಲಿ ಹೀಗಾಗಿರಲಿಲ್ಲ. ಎದ್ದು ಹೋಗಿ ತೊಟ್ಟಿಕ್ಕುವ ನಲ್ಲಿಯಲ್ಲಿ ಮುಖ ತೊಳೆದು ಬಂದು ಮತ್ತೆ ಕೂತಳು. "ಒಂಬತ್ತು. ಹನ್ನೊಂದು." ಹನ್ನೊಂದೂ ಜೋಡಿ ಮುಗಿಯುವಷ್ಟರಲ್ಲಿ ಬೆನ್ನಿಗೆ ರವಿಕೆ ಅಂಟಿಕೊಂಡಿತ್ತು.

ಮೇಡಂ ಮೂಲೆಯ ಕಾಗದಗಳನ್ನು ಒಂದೊಂದಾಗಿ ಕಿತ್ತಳು. ಮೊದಲನೆಯದರಡಿ ಮೂಲೆ ಇಡಿಯಾಗಿತ್ತು. ಎರಡನೆಯದರಡಿಯೂ. ಮೂರನೆಯದರಡಿ ಕಚ್ಚು ಸಿಕ್ಕಿತು. ಅವಳು ತನ್ನ ಲೆಕ್ಕದ ಹಾಳೆಯನ್ನು ಪಕ್ಕಕ್ಕಿಟ್ಟು ಒಂದೊಂದು ಜೋಡಿಯ ಮುಂದೆಯೂ ಗುರುತು ಹಾಕುತ್ತಾ ಹೋದಳು. ಎಡ. ಎಡ. ಎಡ. ಒಂದು ಜೋಡಿ ಮಾತ್ರ ಎತ್ತಲೂ ಹೇಳಲಿಲ್ಲ. ಉಳಿದ ಹತ್ತೂ ಎಡ.

ಮೇಡಂ ಪೆನ್ಸಿಲ್ಲು ಕೆಳಗಿಟ್ಟಳು. "ಮೊದಲು ಬಂದಿದ್ದೇ ಬಂತು."

ಚುಕ್ಕಿಯಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ತಂತಿಯ ಮೇಲೆ ಸರಿಯಾದ ಮುಖವೇ ಮುಂದೆ ಬಂದಿತ್ತು. ಅವಳ ಕೈ ಸರಿಯಾದ ಮೂಲೆಯನ್ನೇ ಕಚ್ಚಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಕಾಗದ ಸರಿಯಾಗಿಯೇ ಹೋಗುತ್ತಿತ್ತು, ಫೈಲು ಬಲಗಡೆಯೇ ಉಳಿಯುತ್ತಿತ್ತು. ನಗು ಬಂತು. ದೀಪದ ಪೆಟ್ಟಿಗೆಯನ್ನು ಆರಿಸಿದಳು.

ಮೇಲೆ ಸಾಹೇಬರು ಹಾಳೆಯನ್ನು ಎರಡು ಸಲ ಓದಿದರು. "ಹಾಗಾದ್ರೆ ಶುಕ್ರವಾರಾನೂ ಸರಿಯಿತ್ತು" ಎಂದರು. ಹಾಳೆ ಕೆಳಗಿಟ್ಟು, "ಸರಿಯಿತ್ತು ಅನ್ನೋದು ಶುಕ್ರವಾರ ಗೊತ್ತಿರಲಿಲ್ಲ" ಎಂದರು. ಕಾಗದ ಆ ದಿನವೇ ನಾಲ್ಕು ಗಂಟೆಯ ಟಪಾಲಿಗೆ ಹೋಯಿತು. ಎಡಗಡೆಯ ರಾಶಿಯ ಅಡಿಯಿಂದ ಫೈಲು ಮೇಲೇಳಲು ಮಾತ್ರ ಇನ್ನೂ ಹದಿನಾಲ್ಕು ತಿಂಗಳು ಹಿಡಿಯಿತು. ಆ ಹದಿನಾಲ್ಕು ತಿಂಗಳಲ್ಲಿ ಚುಕ್ಕಿಯಮ್ಮ ಒಮ್ಮೆಯೂ ಅದನ್ನು ಕೇಳಲಿಲ್ಲ, ಒಮ್ಮೆಯೂ ಮರೆಯಲಿಲ್ಲ.

ಅವತ್ತು ಸಂಜೆ ಮೇಡಂ ರಿಜಿಸ್ಟರ್ ತಂದು ಮುಂದಿಟ್ಟಳು. "ಈಗಂತೂ ಹದಿನೇಳರದ್ದು ಸರಿಯಾಗೇ ಇತ್ತು ಅಂತ ಗೊತ್ತಾಯ್ತಲ್ಲ. ಸಹಿ ಹಾಕಿಬಿಡಿ, ಪುಟ ಚೊಕ್ಕಟವಾಗಿರತ್ತೆ."

ಚುಕ್ಕಿಯಮ್ಮ ಪುಟ ನೋಡಿದಳು. ಹದಿನಾರು, ಸಹಿ. ಹದಿನೆಂಟು, ಸಹಿ. ನಡುವೆ ಬಿಳಿ.

"ಅದು ಇರಲಿ ಮೇಡಂ" ಎಂದಳು. "ಅವತ್ತು ನಾನು ಹಾಕಿರಲಿಲ್ಲ."

ರಿಜಿಸ್ಟರ್ ಮುಚ್ಚಿ ಬೀರುವಿನಲ್ಲಿಟ್ಟು, ನೀಲಿ ಬಕೆಟ್ಟು ತುಂಬಿದೆಯೇ ನೋಡಿ, ಡಬ್ಬಿ ತೆಗೆದುಕೊಂಡು ಹೊರಟಳು. ಎಂಟು ಮೆಟ್ಟಿಲು ಹತ್ತಿದ ಮೇಲೆ ನಿಂತು, ತಿರುಗಿ ಇಳಿದು, ಕತ್ತರಿ ಮೊಳೆಗೆ ನೇತುಹಾಕಿದೆಯೇ ಎಂದು ಮತ್ತೊಮ್ಮೆ ನೋಡಿ ಬಂದಳು.